ಪ್ಲಸ್ಸು ಮೈನಸ್ಸು ಬರೆಯುವವರು ಯಾರು?

ಲಿನಕ್ಸ್ ಬಳಸುವವರಿಗೆ ವಿಮ್ ಎಂಬ ಎಡಿಟರ್ ಗೊತ್ತೇ ಇರುತ್ತದೆ. ಟರ್ಮಿನಲ್‌ನಲ್ಲಿ ಅದರ ವರ್ಷನ್ ಕೇಳಿದರೆ ಒಂದು ಪರದೆ ತುಂಬ ಪದಗಳು ಸಾಲುಗಟ್ಟಿ ಬರುತ್ತವೆ. ಕೆಲವಕ್ಕೆ ಪ್ಲಸ್ ಗುರುತು ಅಂಟಿಕೊಂಡಿರುತ್ತದೆ, ಕೆಲವಕ್ಕೆ ಮೈನಸ್. ಡೆಬಿಯನ್ನಿನಲ್ಲೋ ಉಬುಂಟುವಿನಲ್ಲೋ ಬರೀ ‘ವಿಮ್’ ಎಂಬ ಪ್ಯಾಕೇಜ್ ಹಾಕಿಕೊಂಡವರಿಗೆ ಬಹುಕಾಲದಿಂದ ಅಲ್ಲಿ ಕಾಣುತ್ತಿರುವುದು ಮೈನಸ್ ಕ್ಲಿಪ್‌ಬೋರ್ಡ್. ಬ್ರೌಸರಿನಲ್ಲಿ ಕಾಪಿ ಮಾಡಿದ್ದು ಎಡಿಟರಿನ ರಿಜಿಸ್ಟರಿಗೆ ಯಾಕೆ ಬರುತ್ತಿಲ್ಲ ಎಂದು ಸೆಟ್ಟಿಂಗುಗಳನ್ನೆಲ್ಲ ತಡಕಾಡಿದವರು ಕೊನೆಗೆ ಬಂದು ನಿಲ್ಲುವುದು ಈ ಮೈನಸ್ಸಿನ ಮುಂದೆ. ಸೆಟ್ಟಿಂಗ್ ಏನೇ ಬದಲಿಸಿದರೂ ಪ್ರಯೋಜನವಿಲ್ಲ, ಯಾಕೆಂದರೆ ಆ ಸೌಲಭ್ಯದ ಕೋಡೇ ಪ್ರೋಗ್ರಾಮಿನೊಳಗಿಲ್ಲ. ಕ್ಲಿಪ್‌ಬೋರ್ಡ್ ಬೇಕೆಂದರೆ ಎಕ್ಸ್ ವಿಂಡೋದಂಥ ಗ್ರಾಫಿಕ್ಸ್ ವ್ಯವಸ್ಥೆಯ ಲೈಬ್ರರಿಗಳು ಬೇಕು. ಪರದೆಯೇ ಇಲ್ಲದ ಸರ್ವರಿಗೆ ಅವುಗಳ ಹೊರೆ ಯಾಕೆ ಎಂದು ಪ್ಯಾಕೇಜ್ ಕಟ್ಟಿದವರು ಬಿಟ್ಟಿದ್ದಾರೆ. ಬೇಕಾದವರಿಗೆಂದು ಅದೇ ವಿಮ್ ಅನ್ನು ಟೈನಿ, ನಾಕ್ಸ್, ಜಿಟಿಕೆ3 ಎಂಬ ಬಾಲಗಳೊಂದಿಗೆ ಬೇರೆ ಬೇರೆಯಾಗಿ ಕಂಪೈಲ್ ಮಾಡಿ ಇಟ್ಟಿದ್ದಾರೆ. ಜಿಟಿಕೆ3 ಹಾಕಿಕೊಂಡರೆ ಮೈನಸ್ ಇದ್ದಲ್ಲಿ ಪ್ಲಸ್ ಬರುತ್ತದೆ.

ಒಂದು ಸೌಲಭ್ಯ ಪ್ರೋಗ್ರಾಮಿನಲ್ಲಿ ಇರಬೇಕೋ ಬೇಡವೋ ಎಂಬುದು ಎಲ್ಲೋ ಒಂದು ಕಡೆ ತೀರ್ಮಾನ ಆಗಲೇಬೇಕು. ಪ್ರೋಗ್ರಾಂ ಬರೆದವರು ತೀರ್ಮಾನಿಸಬಹುದು, ಡೆಬಿಯನ್ನಿನಂಥ ಡಿಸ್ಟ್ರೊದಲ್ಲಿ ಪ್ಯಾಕೇಜ್ ಕಟ್ಟುವ ಮೇಂಟೇನರ್ ತೀರ್ಮಾನಿಸಬಹುದು, ಬಳಸುವವರೇ ತೀರ್ಮಾನಿಸಬಹುದು. ಇವರಾರೂ ಬಾಯಿ ಬಿಡದಿದ್ದರೆ, ಕಂಪೈಲ್ ಮಾಡುವ ಯಂತ್ರದಲ್ಲಿ ಆ ಹೊತ್ತಿಗೆ ಯಾವ ಲೈಬ್ರರಿ ಇತ್ತೋ ಅದೇ ತೀರ್ಮಾನಿಸಿಬಿಡುತ್ತದೆ. ಈ ವಿಷಯದ ಚರ್ಚೆಯೆಲ್ಲ ಸಾಮಾನ್ಯವಾಗಿ ವೇಗ, ಡಿಸ್ಕಿನ ಜಾಗ ಎಂದು ಸುತ್ತುತ್ತಿರುತ್ತದೆ. ನನಗೆ ಕಾಣುವಂತೆ ಮುಖ್ಯ ಸಂಗತಿ ಬೇರೆ: ಆಯ್ಕೆಯನ್ನು ಯಾರಾದರೂ ಕಣ್ಣಿಗೆ ಕಾಣುವಂತೆ ಬರೆದಿಟ್ಟಿದ್ದಾರೆಯೇ ಎಂಬುದು.

ಸೌಲಭ್ಯವನ್ನು ಹೀಗೆ ಸೇರಿಸುವ, ಬಿಡುವ ವಿಧಾನ ಹಳೆಯದು. ಸಿ ಭಾಷೆಯ ಸೋರ್ಸ್ ಕೋಡ್‌ನಲ್ಲಿ ‘ಇಫ್‌ಡೆಫ್’ ಎಂಬ ಸೂಚನೆಯ ಅಡಿಯಲ್ಲಿಟ್ಟ ಸಾಲುಗಳು, ಅಲ್ಲಿ ಹೇಳಿದ ಹೆಸರು ಮೊದಲೇ ಘೋಷಣೆಯಾಗಿದ್ದರೆ ಮಾತ್ರ ಕಂಪೈಲರಿನ ಕೈಗೆ ಸಿಗುತ್ತವೆ. ಇಲ್ಲವಾದರೆ ಬರೆದೇ ಇಲ್ಲವೇನೋ ಎಂಬಂತೆ ಮಾಯ. 1991ರಲ್ಲಿ ಡೇವಿಡ್ ಮೆಕೆಂಝಿ ಬರೆದ ಆಟೊಕಾನ್ಫ್ ಇದಕ್ಕೆ ಒಂದು ಶಿಸ್ತು ತಂದಿತು. ಹೊರಗಿನ ಲೈಬ್ರರಿಯೊಂದನ್ನು ಸೇರಿಸಿಕೊಳ್ಳಲು ‘ವಿತ್’, ಪ್ರೋಗ್ರಾಮಿನದೇ ಸೌಲಭ್ಯವನ್ನು ಚಾಲೂ ಮಾಡಲು ‘ಎನೇಬಲ್’. ‘ಕಾನ್ಫಿಗರ್’ ಸ್ಕ್ರಿಪ್ಟಿಗೆ ಹೀಗೆ ಹೇಳಿದರೆ ಅದು ಯಂತ್ರವನ್ನೆಲ್ಲ ಪರೀಕ್ಷಿಸಿ, ಬೇಕಾದ ಹೆಸರುಗಳನ್ನು ಘೋಷಿಸಿ, ಮೇಕ್‌ಫೈಲ್ ಬರೆದು ಕೊಡುತ್ತದೆ. ಆಗಲೇ ಅಪಸ್ವರವೂ ಇತ್ತು. 1992ರ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಹೆನ್ರಿ ಸ್ಪೆನ್ಸರ್ ಮತ್ತು ಜೆಫ್ ಕಾಲಿಯರ್ ಇಫ್‌ಡೆಫ್‌ಗಳಿಂದ ಹಾನಿಯೇ ಹೆಚ್ಚು ಎಂದು ವಾದಿಸಿ ಪ್ರಬಂಧ ಮಂಡಿಸಿದ್ದರು. ಕೋಡ್ ತುಂಬ ಇಂಥ ಕವಲುಗಳಾದರೆ ಓದುವುದೂ ಕಷ್ಟ, ಪರೀಕ್ಷಿಸುವುದೂ ಕಷ್ಟ. ಅವರ ಮಾತನ್ನು ಮೆಚ್ಚಿದವರು ಬಹಳ ಮಂದಿ, ಪಾಲಿಸಿದವರು ಕಡಿಮೆ.

ಕಾನ್ಫಿಗರ್ ಸ್ಕ್ರಿಪ್ಟಿನ ದೊಡ್ಡ ಅನುಕೂಲವೇ ಅದರ ದೊಡ್ಡ ಕಾಟವೂ ಆಯಿತು. ನೀವೇನೂ ಹೇಳದಿದ್ದರೆ ಅದೇ ಹುಡುಕುತ್ತದೆ. ಲೈಬ್ರರಿ ಸಿಕ್ಕಿತೇ, ಸೇರಿಸಿಕೊಂಡಿತು; ಸಿಗಲಿಲ್ಲವೇ, ಸದ್ದಿಲ್ಲದೆ ಬಿಟ್ಟಿತು. ಇಂಥ ಅವಲಂಬನೆಗೆ ಜೆಂಟೂ ಎಂಬ ಡಿಸ್ಟ್ರೊದ ಬಳಗದವರು ‘ಆಟೊಮ್ಯಾಜಿಕ್’ ಎಂದು ಅಡ್ಡಹೆಸರಿಟ್ಟಿದ್ದಾರೆ. ಪ್ಯಾಕೇಜ್ ಮ್ಯಾನೇಜರಿನ ಪುಸ್ತಕದಲ್ಲಿ ಈ ಲೈಬ್ರರಿಗೂ ಆ ಪ್ರೋಗ್ರಾಮಿಗೂ ಸಂಬಂಧವಿದೆ ಎಂದು ಎಲ್ಲೂ ಬರೆದಿರುವುದಿಲ್ಲ. ಆರು ತಿಂಗಳ ಮೇಲೆ ಬೇಡದ ಪ್ಯಾಕೇಜ್‌ಗಳನ್ನು ಗುಡಿಸುವಾಗ ಆ ಲೈಬ್ರರಿಯೂ ಹೋಗುತ್ತದೆ, ಮರುದಿನ ಪ್ರೋಗ್ರಾಂ ಏಳುವುದಿಲ್ಲ. ಕರೆಯದೆ ಬಂದು ಪಂಕ್ತಿಯಲ್ಲಿ ಕೂತ ನೆಂಟನಂತೆ, ಎದ್ದು ಹೋದಾಗಲೇ ಅವನು ಅಲ್ಲಿದ್ದನೆಂಬುದು ತಿಳಿಯುವುದು. ಮೆಸಾನ್ ಎಂಬ ಹೊಸ ಬಿಲ್ಡ್ ವ್ಯವಸ್ಥೆ 2018ರಿಂದ ಇಂಥ ಆಯ್ಕೆಗಳಿಗೆ ಎನೇಬಲ್ಡ್, ಡಿಸೇಬಲ್ಡ್, ಆಟೊ ಎಂಬ ಮೂರು ಮೌಲ್ಯಗಳನ್ನು ಕೊಟ್ಟಿತು. ಇದಕ್ಕಿಂತ ಮುಖ್ಯವಾದದ್ದು, ಎಲ್ಲ ‘ಆಟೊ’ಗಳನ್ನೂ ಒಂದೇ ಏಟಿಗೆ ಎನೇಬಲ್ಡ್ ಅಥವಾ ಡಿಸೇಬಲ್ಡ್ ಎಂದು ಮಾಡಿಬಿಡುವ ಸ್ವಿಚ್. ಫೆಡೋರಾದ ಪ್ಯಾಕೇಜ್‌ಗಳು ಮೆಸಾನ್ ಓಡಿಸುವಾಗ ಎಲ್ಲವನ್ನೂ ಎನೇಬಲ್ಡ್ ಎಂದೇ ಕೊಡುತ್ತವೆ. ಲೈಬ್ರರಿ ಇಲ್ಲದಿದ್ದರೆ ಬಿಲ್ಡ್ ನಿಲ್ಲುತ್ತದೆ, ಗಲಾಟೆಯಾಗುತ್ತದೆ. ಅದು ಒಳ್ಳೆಯದೇ.

ಆಯ್ಕೆಯನ್ನು ಬಳಕೆದಾರನ ಕೈಗೇ ಕೊಟ್ಟ ಡಿಸ್ಟ್ರೊ ಎಂದರೆ ಜೆಂಟೂ. ಡೇನಿಯಲ್ ರಾಬಿನ್ಸ್ ಮೊದಲು ಈನಾಕ್ ಎಂಬ ಹೆಸರಿನಲ್ಲಿ ಶುರು ಮಾಡಿದ ಇದರ 1.0 ಆವೃತ್ತಿ ಬಂದದ್ದು 2002ರಲ್ಲಿ. ಜೆಂಟೂ ಎಂಬುದು ಅತಿ ವೇಗವಾಗಿ ಈಜುವ ಪೆಂಗ್ವಿನ್ ಜಾತಿಯ ಹೆಸರು. ಪೋರ್ಟೇಜ್ ಎಂಬ ಅದರ ಪ್ಯಾಕೇಜ್ ಮ್ಯಾನೇಜರಿಗೆ ಪ್ರೇರಣೆ ಫ್ರೀಬಿಎಸ್‌ಡಿಯ ಪೋರ್ಟ್ಸ್. ಫ್ರೀಬಿಎಸ್‌ಡಿಯಲ್ಲಿ ಒಂದೊಂದು ಪೋರ್ಟಿಗೂ ನೀಲಿ ಪರದೆಯ ಮೆನು ಬಂದು ‘ಇದು ಬೇಕೇ, ಅದು ಬೇಕೇ’ ಎಂದು ಕೇಳುತ್ತದೆ. ಜೆಂಟೂದ ಯೂಸ್ ಫ್ಲ್ಯಾಗ್ ಆ ಪ್ರಶ್ನೆಯನ್ನು ಇಡೀ ಯಂತ್ರಕ್ಕೆ ಒಂದೇ ಸಲ ಕೇಳುವ ಉಪಾಯ. ಮೇಕ್.ಕಾನ್ಫ್ ಫೈಲಿನಲ್ಲಿ ‘ಮೈನಸ್ ಬ್ಲೂಟೂತ್’ ಎಂದು ಬರೆದರೆ, ಬ್ಲೂಟೂತ್ ಫ್ಲ್ಯಾಗ್ ಇರುವ ಪ್ರತಿ ಪ್ಯಾಕೇಜ್ ಕೂಡ ಅದನ್ನು ಬಿಟ್ಟು ಕಂಪೈಲ್ ಆಗುತ್ತದೆ. ಒಂದೇ ಪ್ಯಾಕೇಜಿಗೆ ವಿನಾಯಿತಿ ಬೇಕಾದರೆ ಪ್ಯಾಕೇಜ್.ಯೂಸ್‌ನಲ್ಲಿ ಒಂದು ಸಾಲು. ಏನೂ ಬರೆಯದವರಿಗೆ ಅವರು ಆರಿಸಿದ ಪ್ರೊಫೈಲ್ ಪ್ರಕಾರ, ಗ್ನೋಮ್ ಡೆಸ್ಕ್‌ಟಾಪ್, ಪ್ಲಾಸ್ಮಾ, ಹಾರ್ಡನ್ಡ್ ಹೀಗೆ, ಮೊದಲೇ ಸಿದ್ಧವಾದ ಫ್ಲ್ಯಾಗ್‌ಗಳ ಗಂಟು ಸಿಗುತ್ತದೆ. ಹೊಸಬರು ಉತ್ಸಾಹದಲ್ಲಿ ‘ಮೈನಸ್ ಸ್ಟಾರ್’ ಎಂದು ಬರೆದು ಆ ಗಂಟನ್ನೇ ಎಸೆಯುವುದುಂಟು. ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ ಎಂಬ ಆ ಹುರುಪು ಹೆಚ್ಚು ದಿನ ಉಳಿಯುವುದಿಲ್ಲ.

ಯೂಸ್ ಫ್ಲ್ಯಾಗ್‌ನ ಸೊಗಸು ಇರುವುದು ಪೋರ್ಟೇಜಿನ ಎಮರ್ಜ್ ಕಮಾಂಡಿನ ಮುನ್ನೋಟದಲ್ಲಿ. ಕಂಪೈಲ್ ಶುರುವಾಗುವ ಮೊದಲು ಪ್ರತಿ ಪ್ಯಾಕೇಜಿನ ಎದುರು ಅದರ ಫ್ಲ್ಯಾಗ್‌ಗಳೆಲ್ಲ ಬಣ್ಣದಲ್ಲಿ ಬರುತ್ತವೆ: ಇರುವುದು ಕೆಂಪು, ಇಲ್ಲದ್ದು ನೀಲಿ, ಹಿಂದಿನ ಸಲಕ್ಕಿಂತ ಬದಲಾಗಿದ್ದರೆ ಹಸಿರು ಮತ್ತು ಒಂದು ನಕ್ಷತ್ರ, ಪ್ಯಾಕೇಜಿಗೆ ಈಗಷ್ಟೇ ಹೊಸದಾಗಿ ಸೇರಿದ್ದರೆ ಹಳದಿ. ನಾಳೆ ಏನು ಬದಲಾಗಲಿದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಇನ್ನೊಂದು ಪ್ಯಾಕೇಜ್ ಮ್ಯಾನೇಜರನ್ನು ನಾನು ಕಂಡಿಲ್ಲ. ಭಾಷೆಗಳೂ ಇಲ್ಲಿ ಫ್ಲ್ಯಾಗ್‌ಗಳೇ. ಎಲ್10ಎನ್ ಎಂಬ ಸಾಲಿನಲ್ಲಿ ಕನ್ನಡದ ಎರಡಕ್ಷರದ ಸಂಕೇತ ಸೇರಿಸಿದರೆ ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳ ಕನ್ನಡ ಭಾಷಾ ಪ್ಯಾಕ್‌ಗಳು ತಾವಾಗಿಯೇ ಬರುತ್ತವೆ.

ಕಷ್ಟಗಳು ಕೂಡ ಇದೇ ಸೊಗಸಿನಿಂದ ಹುಟ್ಟಿದವು. ಒಂದು ಪ್ಯಾಕೇಜಿಗೆ ಇನ್ನೊಂದು ಪ್ಯಾಕೇಜ್ ಬೇಕು ಎಂದಷ್ಟೇ ಹೇಳಿದರೆ ಸಾಲದು. ಅದು ಇಂಥ ಫ್ಲ್ಯಾಗ್ ಹಾಕಿಯೇ ಕಂಪೈಲ್ ಆಗಿರಬೇಕು ಎಂದು ಹೇಳಬೇಕಾಗುತ್ತದೆ. ಮೊದಲ ವರ್ಷಗಳಲ್ಲಿ ಹಾಗೆ ಹೇಳುವ ದಾರಿಯೇ ಇರಲಿಲ್ಲ. ರಾತ್ರಿ ನೂರು ಪ್ಯಾಕೇಜ್ ಕಂಪೈಲ್‌ಗೆ ಬಿಟ್ಟು ಮಲಗಿದರೆ, ನಲವತ್ತನೆಯದು ‘ಆ ಲೈಬ್ರರಿಯನ್ನು ಈ ಫ್ಲ್ಯಾಗ್ ಹಾಕಿ ಮತ್ತೆ ಕಟ್ಟಿ’ ಎಂದು ಹೇಳಿ ನಿಂತುಬಿಟ್ಟಿರುತ್ತಿತ್ತು. 2008ರಲ್ಲಿ ಬಂದ ಇಎಪಿಐ 2 ಎಂಬ ನಿಯಮಾವಳಿ ಫ್ಲ್ಯಾಗ್ ಸಮೇತ ಅವಲಂಬನೆ ಬರೆಯಲು ಅವಕಾಶ ಕೊಟ್ಟಿತು. 2011ರ ಇಎಪಿಐ 4, ಒಂದೇ ಪ್ಯಾಕೇಜಿನೊಳಗೆ ‘ಇವೆರಡರಲ್ಲಿ ಒಂದೇ ಇರಬೇಕು’, ‘ಇದಿದ್ದರೆ ಅದೂ ಬೇಕು’ ಎಂಬ ಷರತ್ತುಗಳನ್ನು ಬರೆಯಲು ಬಿಟ್ಟಿತು. ಈಗ ತೊಡಕುಗಳೆಲ್ಲ ಮುಂಚೆಯೇ ಗೊತ್ತಾಗುತ್ತವೆ. ಆದರೆ ಆ ಷರತ್ತು ಮುರಿದಾಗ ಬರುವ ಸಂದೇಶಗಳನ್ನು ಓದಿ ಅರ್ಥ ಮಾಡಿಕೊಳ್ಳುವುದು ಬೀಜಗಣಿತದ ಪರೀಕ್ಷೆ ಬರೆದಷ್ಟೇ ಸುಖ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಸೂಪರ್‌ಕಂಪ್ಯೂಟರುಗಳಿಗಾಗಿ ಹುಟ್ಟಿದ ಸ್ಪ್ಯಾಕ್ ಎಂಬ ಪ್ಯಾಕೇಜ್ ಮ್ಯಾನೇಜರ್ ಇದೇ ತೊಡಕನ್ನು ಬಿಡಿಸಲು ತರ್ಕಶಾಸ್ತ್ರದ ಸಾಲ್ವರ್ ಒಂದನ್ನೇ ಒಳಗಿಟ್ಟುಕೊಂಡಿದೆ. ಅಲ್ಲೂ ಎಂಪಿಐ ಎಂಬ ಸೌಲಭ್ಯ ಬೇಕಾದರೆ ಪ್ಯಾಕೇಜಿನ ಹೆಸರಿನ ಪಕ್ಕ ಪ್ಲಸ್ ಎಂಪಿಐ ಎಂದು ಬರೆಯುವುದೇ ಪದ್ಧತಿ.

ಚಕ್ರಾಕಾರದ ಅವಲಂಬನೆಗೆ ಸಾಲ್ವರ್ ಕೂಡ ಏನೂ ಮಾಡಲಾರದು. ಜೆಂಟೂ ಹಾಕಿದವರಲ್ಲಿ ಬಹಳ ಮಂದಿ ಎದುರಿಸಿರುವ ಒಂದು ಗಂಟು ಕನ್ನಡಿಗರಿಗೆ ಹತ್ತಿರದ್ದು. ಫ್ರೀಟೈಪ್ ಎಂಬ ಲೈಬ್ರರಿ ಫಾಂಟ್ ಫೈಲಿನಿಂದ ಅಕ್ಷರದ ಆಕಾರ ತೆಗೆದು ಚಿತ್ರವಾಗಿ ಮಾಡುತ್ತದೆ. ಹಾರ್ಫ್‌ಬಜ್ ಎಂಬುದು ಯಾವ ಆಕಾರದ ಪಕ್ಕ, ಯಾವುದರ ಕೆಳಗೆ ಯಾವುದು ಕೂರಬೇಕು ಎಂದು ಲೆಕ್ಕ ಹಾಕುತ್ತದೆ. ಒತ್ತಕ್ಷರ ಒತ್ತಕ್ಷರವಾಗಿ ಕಾಣುವುದು ಇದರಿಂದ. ಫ್ರೀಟೈಪ್‌ಗೆ ಹಾರ್ಫ್‌ಬಜ್ ಐಚ್ಛಿಕ, ಹಾರ್ಫ್‌ಬಜ್‌ಗೆ ಫ್ರೀಟೈಪ್ ಐಚ್ಛಿಕ. ಎರಡೂ ಫ್ಲ್ಯಾಗ್ ಹಾಕಿದರೆ ಅದಿಲ್ಲದೆ ಇದು ಕಂಪೈಲ್ ಆಗದು, ಇದಿಲ್ಲದೆ ಅದು ಆಗದು. ಪರಿಹಾರ ಸರಳ, ಆದರೆ ಕೈಯಿಂದ ಮಾಡಬೇಕು: ಫ್ರೀಟೈಪ್ ಅನ್ನು ಮೊದಲು ಮೈನಸ್ ಹಾರ್ಫ್‌ಬಜ್ ಎಂದು ಕಟ್ಟಿ, ಹಾರ್ಫ್‌ಬಜ್ ಕಟ್ಟಿ, ಮತ್ತೆ ಫ್ರೀಟೈಪ್ ಅನ್ನು ಪ್ಲಸ್ ಹಾಕಿ ಕಟ್ಟುವುದು.

ಕನ್ನಡದ ಅಕ್ಷರ ಇಂಥ ಫ್ಲ್ಯಾಗ್‌ಗೆ ಎಷ್ಟು ಕಟ್ಟುಬಿದ್ದಿದೆ ಎಂಬುದು ಗೊತ್ತಾಗುವುದು ಪೈಥಾನ್‌ನಲ್ಲಿ ಚಿತ್ರದ ಮೇಲೆ ಅಕ್ಷರ ಬರೆಯುವಾಗ. ಪಿಲ್ಲೋ ಎಂಬ ಲೈಬ್ರರಿಯಲ್ಲಿ ಪಠ್ಯ ಜೋಡಿಸಲು ಎರಡು ಎಂಜಿನ್‌ಗಳಿವೆ: ಒಂದು ಬೇಸಿಕ್, ಇನ್ನೊಂದು ರಾಕ್ಮ್. ರಾಕ್ಮ್ ಇದ್ದರೆ ಅದು ಹಾರ್ಫ್‌ಬಜ್‌ಗೆ ಕೆಲಸ ಒಪ್ಪಿಸುತ್ತದೆ. ಇಲ್ಲದಿದ್ದರೆ ಪಿಲ್ಲೋ ದೂರು ಹೇಳದೆ ಬೇಸಿಕ್ ಎಂಜಿನ್‌ಗೆ ಇಳಿಯುತ್ತದೆ. ‘ಸ್ತ್ರೀ’ ಎಂದು ಬರೆದದ್ದು ಸ, ಹಲಂತದ ಗುರುತು, ತ, ಇನ್ನೊಂದು ಹಲಂತ, ರ, ಆಮೇಲೆ ಈಕಾರದ ಗುರುತು ಎಂದು ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲುತ್ತದೆ. ಒತ್ತಕ್ಷರ ಕಳಚಿಬಿದ್ದ ಇಂಥ ಕನ್ನಡವನ್ನು ಪೋಸ್ಟರುಗಳಲ್ಲಿ, ಸರ್ಟಿಫಿಕೇಟುಗಳಲ್ಲಿ ನೋಡಿದವರು ಫಾಂಟ್ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಫಾಂಟ್ ಬದಲಿಸಿ ಬದಲಿಸಿ ಸುಸ್ತಾಗುವ ಬದಲು, ಪಿಲ್ಲೋದ ಫೀಚರ್ಸ್ ಮಾಡ್ಯೂಲ್‌ಗೆ ರಾಕ್ಮ್ ಇದೆಯೇ ಎಂದು ಒಂದು ಸಾಲಿನಲ್ಲಿ ಕೇಳಿದರೆ ಉತ್ತರ ಸಿಗುತ್ತದೆ. ಸಿದ್ಧವಾಗಿ ಸಿಗುವ ಪಿಲ್ಲೋ ಪ್ಯಾಕೇಜುಗಳು 8.2ರಿಂದ ಈಚೆಗೆ ರಾಕ್ಮ್ ಅನ್ನು ಒಳಗೇ ಇಟ್ಟುಕೊಂಡು ಬರುತ್ತಿವೆಯಾದರೂ ಫ್ರಿಬಿಡಿ ಎಂಬ ಇನ್ನೊಂದು ಲೈಬ್ರರಿಯನ್ನು ಓಡುವ ಹೊತ್ತಿಗೆ ಯಂತ್ರದಲ್ಲಿ ಹುಡುಕುತ್ತವೆ. ಇಮೇಜ್‌ಮ್ಯಾಜಿಕ್‌ಗೂ ಇದೇ ರಾಕ್ಮ್ ಐಚ್ಛಿಕ. ಈಮ್ಯಾಕ್ಸ್ 2020ರ 27ನೆಯ ಆವೃತ್ತಿಯಿಂದ ಹಾರ್ಫ್‌ಬಜ್ ಬಳಸಬಲ್ಲದು, ಆದರೆ ಹಾಗೆ ಕಂಪೈಲ್ ಆಗಿದ್ದರೆ ಮಾತ್ರ. ಇಂಗ್ಲಿಷ್ ಬಳಸುವವರಿಗೆ ಇವೆಲ್ಲ ಇದ್ದರೆ ಇರಲಿ ಎನ್ನುವ ಸೌಲಭ್ಯಗಳು. ನಮಗೆ ಅವಿಲ್ಲದೆ ಅಕ್ಷರವೇ ಇಲ್ಲ. ಒಂದು ಸೌಲಭ್ಯವನ್ನು ಐಚ್ಛಿಕ ಎನ್ನುವಾಗ ಯಾರಿಗೆ ಐಚ್ಛಿಕ ಎಂದು ಕೇಳುವ ಪದ್ಧತಿ ಬಿಲ್ಡ್ ಫೈಲ್ ಬರೆಯುವವರಲ್ಲಿ ಇನ್ನೂ ಬೆಳೆದಿಲ್ಲ.

ಆಯ್ಕೆಗಳ ವಿಷಯದಲ್ಲಿ ಲಿನಕ್ಸ್ ಕರ್ನಲ್‌ದು ಬೇರೆಯದೇ ಪ್ರಮಾಣ. 2002ರಲ್ಲಿ ರೋಮನ್ ಝಿಪ್ಪೆಲ್ ಅವರ ಕೆಕಾನ್ಫಿಗ್ ಬಂದ ಮೇಲೆ ಆಯ್ಕೆಗಳ ಭಾಷೆ ಒಂದು ಹದಕ್ಕೆ ಬಂತು. ಈಗ ಅಲ್ಲಿರುವ ಆಯ್ಕೆಗಳು ಹತ್ತು ಸಾವಿರವನ್ನು ಎಂದೋ ದಾಟಿವೆ. ಅದರ ಜಾಣತನ ಇರುವುದು ಮೂರನೆಯ ಉತ್ತರದಲ್ಲಿ. ಹೌದು, ಇಲ್ಲ ಎಂಬವುಗಳ ಜತೆಗೆ ‘ಮಾಡ್ಯೂಲ್’ ಎಂದೂ ಹೇಳಬಹುದು: ಕಟ್ಟಿಡು, ಬೇಕಾದಾಗ ಒಳಕ್ಕೆ ಕರೆಯುತ್ತೇನೆ. ಸಿದ್ಧ ಡಿಸ್ಟ್ರೊಗಳೆಲ್ಲ ಸಾವಿರಾರು ಡ್ರೈವರುಗಳನ್ನು ಹೀಗೇ ಕೊಡುತ್ತವೆ. ಸದ್ಯ ಒಳಗೆ ಬಂದಿರುವ ಮಾಡ್ಯೂಲ್‌ಗಳನ್ನಷ್ಟೇ ಇಟ್ಟು ಉಳಿದದ್ದನ್ನು ಕಳೆದುಬಿಡುವ ಲೋಕಲ್‌ಮಾಡ್‌ಕಾನ್ಫಿಗ್ ಎಂಬ ಸೌಕರ್ಯವೂ ಇದೆ. ಅದನ್ನು ಓಡಿಸುವ ಹೊತ್ತಿಗೆ ಪೆನ್‌ಡ್ರೈವ್ ಸಿಕ್ಕಿಸಿರದಿದ್ದರೆ ಪೆನ್‌ಡ್ರೈವಿನ ಡ್ರೈವರೂ ಹೋಯಿತು.

ವೇಗದ ವಾದ ಇಷ್ಟೆಲ್ಲದರ ನಡುವೆ ಎಲ್ಲಿ ನಿಲ್ಲುತ್ತದೆ? ಹೆಚ್ಚು ಕಡೆ ನಿಲ್ಲುವುದೇ ಇಲ್ಲ. ಬಳಸದ ಕೋಡನ್ನು ತೆಗೆದ ಮಾತ್ರಕ್ಕೆ ಉಳಿದ ಕೋಡ್ ವೇಗವಾಗಿ ಓಡುವುದಿಲ್ಲ, ಮತ್ತು ಕ್ರೋಮಿಯಂ ಒಂದನ್ನು ಕಂಪೈಲ್ ಮಾಡಲು ಹೋಗುವ ಗಂಟೆಗಳು ಆ ಲಾಭವನ್ನೆಲ್ಲ ನುಂಗಿಬಿಡುತ್ತವೆ. ಗಾತ್ರದ ವಾದ ಗಟ್ಟಿ, ಆದರೆ ಎಂಬೆಡೆಡ್ ಸಾಧನಗಳಲ್ಲಿ. ಫ್ಲ್ಯಾಶ್ ಮೆಮೊರಿ ಕೆಲವೇ ಎಂಬಿ ಇರುವ ರೂಟರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಕೂರಿಸಲು ಒಂದೊಂದು ಆಯ್ಕೆಯನ್ನೂ ಅಳೆದು ತೂಗಬೇಕಾಗುತ್ತದೆ. ಬ್ಯುಸಿಬಾಕ್ಸ್, ಬಿಲ್ಡ್‌ರೂಟ್‌ಗಳು ಕರ್ನಲ್ಲಿನ ಆಯ್ಕೆ ಪದ್ಧತಿಯನ್ನೇ ಎರವಲು ತಂದದ್ದು ಅದಕ್ಕೆ. ಎಂಬೆಡೆಡ್ ಲಿನಕ್ಸ್ ಕಟ್ಟುವ ಯಾಕ್ಟೊ ಬಳಸಿ ಕೆಲಸ ಮಾಡುವ ಎಂಜಿನಿಯರುಗಳಿಗೆ ಪ್ಯಾಕೇಜ್‌ಕಾನ್ಫಿಗ್ ಎಂಬ ಸಾಲು ದಿನಬೆಳಗಾದರೆ ಕಾಣುವ ಮುಖ.

ಇಷ್ಟೊಂದು ಆಯ್ಕೆಗಳಿಗೆ ಬೆಲೆ ತೆರಬೇಕಾಗಿರುವುದು ಪರೀಕ್ಷೆಯಲ್ಲಿ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಆಯ್ಕೆಗಳಿದ್ದರೆ 10,48,576 ಬೇರೆ ಬೇರೆ ಪ್ರೋಗ್ರಾಮುಗಳಾದವು. ಎಫ್‌ಎಫ್‌ಎಂಪೆಗ್‌ನ ಆಯ್ಕೆಗಳು ಇಪ್ಪತ್ತಕ್ಕೆ ನಿಲ್ಲುವುದೂ ಇಲ್ಲ. ಇಷ್ಟನ್ನೂ ಯಾರೂ ಪರೀಕ್ಷಿಸಲಾರರು. ಕರ್ನಲ್ ಬಳಗ ಗೊತ್ತುಗುರಿಯಿಲ್ಲದೆ ಆಯ್ಕೆಗಳನ್ನು ಎತ್ತಿ ಕಂಪೈಲ್ ಮಾಡಿ ನೋಡುವ ರಾಂಡ್‌ಕಾನ್ಫಿಗ್ ವಿಧಾನವನ್ನು ನೆಚ್ಚಿಕೊಂಡಿದೆ. ಯಂತ್ರಗಳು ಹಗಲಿರುಳೂ ಅದನ್ನೇ ಮಾಡುತ್ತಿರುತ್ತವೆ. ಅಪರೂಪದ ಫ್ಲ್ಯಾಗ್ ಜೋಡಣೆಯೊಂದನ್ನು ಬಳಸುವ ಜೆಂಟೂ ಬಳಕೆದಾರ ತನಗರಿವಿಲ್ಲದೆ ಜಗತ್ತಿನ ಏಕೈಕ ಪರೀಕ್ಷಕನಾಗಿರುವ ಸಾಧ್ಯತೆ ಇದೆ.

ಕಾನೂನು ಕೂಡ ಫ್ಲ್ಯಾಗ್ ಬರೆಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ಫೆಡೋರಾ ತನ್ನ ಮೆಸಾ ಎಂಬ ಗ್ರಾಫಿಕ್ಸ್ ಪ್ಯಾಕೇಜಿನಲ್ಲಿ ಎಚ್.264, ಎಚ್.265, ವಿಸಿ-1 ವಿಡಿಯೋಗಳ ಹಾರ್ಡ್‌ವೇರ್ ವೇಗವರ್ಧನೆಯನ್ನು ಪೇಟೆಂಟ್ ಕಾರಣಕ್ಕೆ ತೆಗೆದುಹಾಕಿತು. ಎಎಂಡಿ ಗ್ರಾಫಿಕ್ಸ್ ಇರುವವರ ಯಂತ್ರಗಳಲ್ಲಿ ನಿನ್ನೆಯವರೆಗೆ ಚಿಪ್ ಮಾಡುತ್ತಿದ್ದ ಕೆಲಸ ಪ್ರೊಸೆಸರ್ ಪಾಲಿಗೆ ಬಂತು. ಕೋಡ್ ಬದಲಾಗಿರಲಿಲ್ಲ, ಒಂದು ಬಿಲ್ಡ್ ಆಯ್ಕೆ ಬದಲಾಗಿತ್ತು. ಎಫ್‌ಎಫ್‌ಎಂಪೆಗ್‌ನಲ್ಲಿ ‘ನಾನ್‌ಫ್ರೀ’ ಆಯ್ಕೆ ಹಾಕಿ ಕಟ್ಟಿದ ಬೈನರಿಯನ್ನು ಇನ್ನೊಬ್ಬರಿಗೆ ಹಂಚುವಂತಿಲ್ಲ. ನಿಮ್ಮ ಯಂತ್ರದಲ್ಲಿ ನೀವೇ ಕಟ್ಟಿ ಬಳಸಬಹುದು. ಸೋರ್ಸ್‌ನಿಂದ ಕಂಪೈಲ್ ಮಾಡುವವರಿಗೆ ಸಿಗುವ ನಿಜವಾದ ಸ್ವಾತಂತ್ರ್ಯಗಳಲ್ಲಿ ಇದೊಂದು.

ಭದ್ರತೆಯ ಕಡೆಯಿಂದ ಎರಡು ಘಟನೆಗಳು ಸಾಕು. 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್, ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬೀಟ್ ಎಂಬ, ಬಹುಪಾಲು ಜನ ಕೇಳಿಯೂ ಇರದ ಸೌಲಭ್ಯದೊಳಗಿನ ದೋಷ. ಕೂಡಲೇ ಹೊಸ ಆವೃತ್ತಿಗೆ ಹೋಗಲಾಗದವರು ಹಾರ್ಟ್‌ಬೀಟ್ ಇಲ್ಲದಂತೆ ಮತ್ತೆ ಕಂಪೈಲ್ ಮಾಡಿಕೊಳ್ಳಿ ಎಂದು ಅಧಿಕೃತ ಪ್ರಕಟಣೆಯೇ ಹೇಳಿತು. ಎರಡನೆಯದು 2024ರ ಮಾರ್ಚ್ 29ರಂದು ಬೆಳಕಿಗೆ ಬಂದ, ಎಕ್ಸ್‌ಝಡ್ ಎಂಬ ಸಂಕೋಚನ ಸಲಕರಣೆಯ ಪ್ರಕರಣ. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಕೆದಕಿದ ಆಂಡ್ರೆಸ್ ಫ್ರಾಯಿಂಡ್ ಅವರಿಗೆ ಸಿಕ್ಕಿದ್ದು ಎಕ್ಸ್‌ಝಡ್ 5.6.0 ಮತ್ತು 5.6.1ರಲ್ಲಿ ಅಡಗಿಸಿಟ್ಟ ಹಿಂಬಾಗಿಲು. ಓಪನ್‌ಎಸ್‌ಎಸ್‌ಎಚ್‌ಗೆ ಎಕ್ಸ್‌ಝಡ್ ಬೇಕೇ ಇಲ್ಲ. ಡೆಬಿಯನ್, ಫೆಡೋರಾದವರು ಸರ್ವರ್ ಶುರುವಾಯಿತೆಂದು, ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂಡಿಗೆ ತಿಳಿಸುವ ಸಣ್ಣ ಸೌಲಭ್ಯಕ್ಕಾಗಿ ಅದರ ಲೈಬ್ರರಿಯಾದ ಲಿಬ್‌ಸಿಸ್ಟಂಡಿ ಸೇರಿಸುವ ಪ್ಯಾಚ್ ಹಾಕಿದ್ದರು. ಲಿಬ್‌ಸಿಸ್ಟಂಡಿ ಜರ್ನಲ್ ಫೈಲುಗಳ ಸಂಕೋಚನಕ್ಕಾಗಿ ಎಕ್ಸ್‌ಝಡ್‌ನ ಲೈಬ್ರರಿಯನ್ನು ಎಳೆದು ತಂದಿತ್ತು. ಜೆಂಟೂದ ಓಪನ್‌ಎಸ್‌ಎಸ್‌ಎಚ್‌ಗೆ ಆ ಪ್ಯಾಚ್ ಇರಲಿಲ್ಲ.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅಷ್ಟು ಸುದ್ದಿಯಾಗದ ಇನ್ನೊಂದು ಕಿಡಿಗೇಡಿತನ. ಎಕ್ಸ್‌ಝಡ್‌ಗೆ ಲ್ಯಾಂಡ್‌ಲಾಕ್ ಎಂಬ ಕರ್ನಲ್ ಸೌಲಭ್ಯದಿಂದ ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುವ ಐಚ್ಛಿಕ ಭದ್ರತೆ ಇದೆ. ಯಂತ್ರದಲ್ಲಿ ಲ್ಯಾಂಡ್‌ಲಾಕ್ ಉಂಟೇ ಎಂದು ತಿಳಿಯಲು ಸಿಮೇಕ್ ಎಂಬ ಬಿಲ್ಡ್ ವ್ಯವಸ್ಥೆಯ ಫೈಲ್ ಒಂದು ಪುಟ್ಟ ಪರೀಕ್ಷಾ ಪ್ರೋಗ್ರಾಂ ಕಂಪೈಲ್ ಮಾಡಿ ನೋಡುತ್ತದೆ. ಆ ಪರೀಕ್ಷಾ ಪ್ರೋಗ್ರಾಮಿನೊಳಗೆ ಒಂದೇ ಒಂದು ಚುಕ್ಕಿ ಇಡಲಾಗಿತ್ತು. ಚುಕ್ಕಿಯಿಂದಾಗಿ ಪರೀಕ್ಷೆ ಯಾವಾಗಲೂ ಕಂಪೈಲ್ ಆಗದೆ ಸೋಲುತ್ತಿತ್ತು. ಸಿಮೇಕ್ ಅದನ್ನು ‘ಲ್ಯಾಂಡ್‌ಲಾಕ್ ಇಲ್ಲ’ ಎಂದು ಓದಿಕೊಂಡು, ಭದ್ರತೆಯನ್ನು ಬಿಟ್ಟು, ತಪ್ಪೇನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತಿತ್ತು. ‘ಸಿಕ್ಕರೆ ಸೇರಿಸು, ಸಿಗದಿದ್ದರೆ ಬಿಡು’ ಎಂಬ ನಡತೆಗೆ ಇದಕ್ಕಿಂತ ದೊಡ್ಡ ಆಪಾದನೆ ಬೇಕಾಗಿಲ್ಲ. ಮೇಂಟೇನರುಗಳು ಲ್ಯಾಂಡ್‌ಲಾಕ್ ಬೇಕೇ ಬೇಕು ಎಂದು ಬರೆದಿದ್ದರೆ ಬಿಲ್ಡ್ ನಿಂತು ಚುಕ್ಕಿ ಸಿಕ್ಕಿಬೀಳುತ್ತಿತ್ತು.

ಆಯ್ಕೆಯನ್ನು ಕಂಪೈಲ್ ಹೊತ್ತಿನಿಂದ ಓಡುವ ಹೊತ್ತಿಗೆ ತಳ್ಳುವುದು ಇನ್ನೊಂದು ದಾರಿ. ಅಪಾಚೆ ವೆಬ್ ಸರ್ವರಿಗೆ ಬೇಕಾದಾಗ ಸೇರುವ ಮಾಡ್ಯೂಲ್‌ಗಳು ಬಹಳ ಹಿಂದೆಯೇ ಬಂದಿದ್ದವು. ಎನ್‌ಜಿನ್‌ಎಕ್ಸ್‌ಗೆ 2016ರ 1.9.11ರಲ್ಲಿ ಬಂದವು. ಸಿಸ್ಟಂಡಿ ಎಕ್ಸ್‌ಝಡ್ ಗದ್ದಲಕ್ಕೆ ಮೊದಲೇ ಸಂಕೋಚನ ಲೈಬ್ರರಿಗಳನ್ನು ಡಿಎಲ್‌ಓಪನ್ ಮೂಲಕ ಬೇಕಾದಾಗಷ್ಟೇ ತೆರೆಯುವ ಕೆಲಸ ಶುರು ಮಾಡಿತ್ತು, 2024ರ 256ನೆಯ ಆವೃತ್ತಿಯಲ್ಲಿ ಅದು ಹೊರಬಂತು. ಆದರೆ ಹೀಗೆ ತೆರೆದ ಲೈಬ್ರರಿ, ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನು ತೋರಿಸುವ ಎಲ್‌ಡಿಡಿಯಂಥ ಸಲಕರಣೆಯ ಪಟ್ಟಿಯಲ್ಲಿ ಕಾಣುವುದಿಲ್ಲ. ಅದಕ್ಕೆಂದು ಬೈನರಿಯೊಳಗೇ ‘ನಾನು ಇಂಥಿಂಥ ಲೈಬ್ರರಿಗಳನ್ನು ತೆರೆಯಬಹುದು’ ಎಂದು ಟಿಪ್ಪಣಿ ಬರೆದಿಡುವ ಪದ್ಧತಿಯನ್ನೂ ಅವರೇ ತಂದರು.

ಸಿದ್ಧ ಬೈನರಿ ಕೊಡುವ ಡಿಸ್ಟ್ರೊಗಳಲ್ಲಿ ಜಗಳ ನಡೆಯುವುದು ಹೆಸರಿನ ಮೇಲೆ. 2024ರ ಮೇ ತಿಂಗಳಲ್ಲಿ ಡೆಬಿಯನ್ನಿನ ಅಸ್ಥಿರ ಶಾಖೆಯಲ್ಲಿ ಕೀಪಾಸ್‌ಎಕ್ಸ್‌ಸಿ ಎಂಬ ಪಾಸ್‌ವರ್ಡ್ ಮ್ಯಾನೇಜರಿನ ಪ್ಯಾಕೇಜನ್ನು ನೆಟ್‌ವರ್ಕ್, ಬ್ರೌಸರ್ ಜೋಡಣೆ ಮುಂತಾದ ಐಚ್ಛಿಕ ಸೌಲಭ್ಯಗಳನ್ನೆಲ್ಲ ಕಳೆದು ಕಟ್ಟಲಾಯಿತು. ಪೂರ್ತಿಯದು ‘ಫುಲ್’ ಎಂಬ ಬಾಲದೊಂದಿಗೆ ಬೇರೆ ಪ್ಯಾಕೇಜಾಯಿತು. ದಾಳಿಗೆ ಸಿಗುವ ಮೈ ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ಮೇಂಟೇನರ್ ವಾದ. ಬ್ರೌಸರ್ ಜೋಡಣೆ ಏಕಾಏಕಿ ನಿಂತುಹೋದವರು ದೂರು ತಂದದ್ದು ಮಾತ್ರ ಪ್ರೋಗ್ರಾಂ ಬರೆದವರ ಬಾಗಿಲಿಗೆ, ಹಾಗಾಗಿ ಅವರು ಸಿಟ್ಟಾದರು. ಇಬ್ಬರ ವಾದದಲ್ಲೂ ಹುರುಳಿದೆ. ಆದರೂ ಹಳೆಯ ಹೆಸರು ಹಳೆಯ ಸೌಲಭ್ಯಗಳ ಬಳಿಯೇ ಉಳಿದು, ಕಳೆದದ್ದಕ್ಕೆ ಹೊಸ ಹೆಸರು ಬಂದಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

2023ರ ಡಿಸೆಂಬರ್ 29ರಂದು ಜೆಂಟೂ ಕೂಡ ಸಾಮಾನ್ಯ 64 ಬಿಟ್ ಪಿಸಿಗಳಿಗೆ, ಎಆರ್‌ಎಂ64ಕ್ಕೆ ಸಿದ್ಧ ಬೈನರಿ ಪ್ಯಾಕೇಜ್‌ಗಳ ದೊಡ್ಡ ಭಂಡಾರವನ್ನು ತೆರೆಯಿತು. ಕಟ್ಟಾ ಜೆಂಟೂವಾದಿಗಳು ಮೂಗು ಮುರಿದಿರಬಹುದು, ನನಗೆ ಇದು ಯೂಸ್ ಫ್ಲ್ಯಾಗ್ ಕಂಡ ಅತ್ಯುತ್ತಮ ಬಳಕೆ. ನಿಮ್ಮ ಫ್ಲ್ಯಾಗ್‌ಗಳು ಭಂಡಾರದಲ್ಲಿರುವ ಬೈನರಿಯ ಫ್ಲ್ಯಾಗ್‌ಗಳಿಗೆ ಹೊಂದಿದರೆ ಪೋರ್ಟೇಜ್ ಅದನ್ನು ಇಳಿಸಿಕೊಳ್ಳುತ್ತದೆ, ಹೊಂದದಿದ್ದರೆ ಸೋರ್ಸ್‌ನಿಂದ ಕಟ್ಟುತ್ತದೆ. ಪ್ರೊಫೈಲ್ ಹೇಳಿದ್ದನ್ನು ಹಾಗೇ ಒಪ್ಪಿಕೊಂಡವರಿಗೆ ಲಿಬ್ರೆಆಫೀಸ್ ಕೆಲವೇ ನಿಮಿಷಗಳಲ್ಲಿ ಬರುತ್ತದೆ. ನಾಲ್ಕು ಪ್ಯಾಕೇಜುಗಳಲ್ಲಿ ತಮ್ಮದೇ ಪ್ಲಸ್ಸು ಮೈನಸ್ಸು ಬರೆದವರು ಹೆಚ್ಚು ಕಡಿಮೆ ಆ ನಾಲ್ಕಕ್ಕಷ್ಟೇ ಕಾಯಬೇಕಾಗುತ್ತದೆ.